ಒಡೆಯ ಯಾರು ಮಾರಾಯ್ರೆ?

1991ರಿಂದ 2002ರವರೆಗೆ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಜಪಾನಿನ ಒಂದು ಕುಟುಂಬದ ಕೈಯಲ್ಲಿತ್ತು. ಕಟ್ಟಡವೂ ಅವರದ್ದೇ, ಅದರಡಿಯ ನೆಲವೂ ಅವರದ್ದೇ. ಕಾಗದಪತ್ರ ಎಲ್ಲ ಸರಿ ಇತ್ತು. ಆದರೆ ಯಾವ ಮಹಡಿ ಯಾರಿಗೆ ಬಾಡಿಗೆಗೆ ಕೊಡಬೇಕು, ಎಷ್ಟಕ್ಕೆ ಕೊಡಬೇಕು, ಲಿಫ್ಟ್ ಯಾವಾಗ ಬದಲಿಸಬೇಕು, ರಾತ್ರಿ ತುದಿಯಲ್ಲಿ ಯಾವ ಬಣ್ಣದ ದೀಪ ಉರಿಯಬೇಕು, ಇದ್ಯಾವುದನ್ನೂ ತೀರ್ಮಾನಿಸುವ ಹಕ್ಕು ಅವರಿಗಿರಲಿಲ್ಲ. ವರ್ಷಕ್ಕೆ 19.7 ಲಕ್ಷ ಡಾಲರ್ ಬಾಡಿಗೆ ಬರುತ್ತಿತ್ತು, ಅಷ್ಟೇ. ಕೊಂಡದ್ದು ಸುಮಾರು 4 ಕೋಟಿ ಡಾಲರಿಗೆ. ಲೆಕ್ಕ ಹಾಕಿ, ವರ್ಷಕ್ಕೆ ಶೇಕಡಾ 5ರ ಆಸುಪಾಸು. ನಮ್ಮೂರ ಸೊಸೈಟಿಯಲ್ಲಿ ಎಫ್‌ಡಿ ಇಟ್ಟರೂ ಇದಕ್ಕಿಂತ ಜಾಸ್ತಿ ಸಿಗುತ್ತದೆ. ಅದರ ಮೇಲೆ, 2075ರ ಕೊನೆಯ ತನಕ ಆ ಬಾಡಿಗೆ ಏರುವ ಮಾತೇ ಇರಲಿಲ್ಲ.

ಹಾಗಾದರೆ ಒಡೆಯ ಅಂದರೆ ಯಾರು? ಕಾಗದ ಯಾರ ಹೆಸರಲ್ಲಿದೆಯೋ ಅವರಾ? ದುಡ್ಡು ಯಾರ ಜೇಬಿಗೆ ಹೋಗುತ್ತದೋ ಅವರಾ? ಅಥವಾ ಮಾಡು ಸೋರಿದರೆ ಯಾರನ್ನು ಎಬ್ಬಿಸಬೇಕೋ ಅವರಾ? ಊರಿನ ಹೆಂಚಿನ ಮನೆಯ ಮಟ್ಟಿಗೆ ಈ ಮೂರೂ ಒಬ್ಬನೇ ಆಗಿರುವುದರಿಂದ ಪ್ರಶ್ನೆಯೇ ಹುಟ್ಟುವುದಿಲ್ಲ. 102 ಮಹಡಿಯ ಕಟ್ಟಡದಲ್ಲಿ ಹುಟ್ಟುತ್ತದೆ. ವಕೀಲರು ಇದನ್ನು ಕಾನೂನಿನ ಪ್ರಶ್ನೆ ಅನ್ನುತ್ತಾರೆ, ಅವರ ಬಳಿ ಉತ್ತರವೂ ಇದೆ. ನನಗೆ ಇದು ಒಳ್ಳೆಯದು-ಕೆಟ್ಟದ್ದರ ಪ್ರಶ್ನೆಯಾಗಿ ಕಾಣುತ್ತದೆ. ಯಾಕೆ ಅನ್ನುವುದಕ್ಕೆ ಆ ಕಟ್ಟಡದ ಕಥೆಯನ್ನೇ ಸ್ವಲ್ಪ ಹೇಳಬೇಕು.

ಶುರುವಿನಲ್ಲಿ ಇದಕ್ಕೆ ಒಡೆಯ ಅಂತ ಬೆರಳು ತೋರಿಸಬಹುದಾದ ಮನುಷ್ಯ ಇದ್ದ. ಜಾನ್ ಜೇಕಬ್ ರಾಸ್ಕಬ್, ಜನರಲ್ ಮೋಟರ್ಸ್ ಕಂಪನಿಯ ಹಣಕಾಸು ನೋಡಿಕೊಂಡಿದ್ದವರು. ಫಿಫ್ತ್ ಅವೆನ್ಯೂ ಮತ್ತು 34ನೇ ಬೀದಿ ಸೇರುವಲ್ಲಿ ಹಳೆಯ ವಾಲ್ಡಾರ್ಫ್-ಅಸ್ಟೋರಿಯಾ ಹೋಟೆಲ್ ಇತ್ತು. ಅದನ್ನು ಕೆಡವಿ ಜಗತ್ತಿನ ಅತಿ ಎತ್ತರದ ಆಫೀಸು ಕಟ್ಟುವುದು ಅಂತಾಯಿತು. ಕಂಪನಿಯ ಮುಖವಾಗಿ ಅಲ್ ಸ್ಮಿತ್ ಬಂದರು. ನ್ಯೂಯಾರ್ಕಿನ ಮಾಜಿ ಗವರ್ನರ್, 1928ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತು ಹೂವರ್ ಎದುರು ಸೋತವರು. 1930ರ ಮಾರ್ಚ್‌ನಲ್ಲಿ ಕಟ್ಟಲು ಶುರು ಮಾಡಿ 1931ರ ಮೇ 1ಕ್ಕೆ ಉದ್ಘಾಟನೆ ಮಾಡಿಬಿಟ್ಟರು. ವಾಷಿಂಗ್ಟನ್ನಿನಲ್ಲಿ ಕೂತು ದೀಪದ ಗುಂಡಿ ಒತ್ತಿದ್ದು ಅದೇ ಹೂವರ್. ನೆಲ ಎಲ್ಲ ಸೇರಿ ಖರ್ಚು 4.1 ಕೋಟಿ ಡಾಲರಿನಷ್ಟು. ಒಂದು ಹಂತದಲ್ಲಿ 3,400ರಷ್ಟು ಜನ ದಿನಾ ಕೆಲಸ ಮಾಡುತ್ತಿದ್ದರು. ಲೂಯಿಸ್ ಹೈನ್ ತೆಗೆದ ಫೋಟೋಗಳಲ್ಲಿ ಅವರು ತೊಲೆಗಳ ಮೇಲೆ ಕಾಣಿಸುತ್ತಾರೆ. ಬಹುಪಾಲು ಜನರ ಹೆಸರು ಯಾರಿಗೂ ಗೊತ್ತಿಲ್ಲ.

ಕಟ್ಟಡ ಎದ್ದು ನಿಲ್ಲುವ ಹೊತ್ತಿಗೆ ಅಮೆರಿಕದ ಆರ್ಥಿಕತೆ ಕುಸಿದು ಬಿದ್ದಿತ್ತು. ಬಾಡಿಗೆಗೆ ಬರುವವರೇ ಇಲ್ಲ. ಜನ ಇದನ್ನು 'ಎಂಪ್ಟಿ ಸ್ಟೇಟ್ ಬಿಲ್ಡಿಂಗ್' ಅಂತ ಗೇಲಿ ಮಾಡಿದರು. ಮೊದಲ ವರ್ಷ ವೀಕ್ಷಣಾ ಮಹಡಿಯ ಟಿಕೆಟ್ಟಿನಿಂದ ಬಂದ ದುಡ್ಡು ಆಫೀಸು ಬಾಡಿಗೆಯ ದುಡ್ಡಿಗೆ ಹೆಚ್ಚುಕಮ್ಮಿ ಸಮ ಆಗಿತ್ತಂತೆ. ಅಷ್ಟಾದರೂ ರಾಸ್ಕಬ್ ಕೈ ಬಿಡಲಿಲ್ಲ. 1950ರಲ್ಲಿ ಸಾಯುವ ತನಕ ಇಟ್ಟುಕೊಂಡರು. ನಷ್ಟ ಅವರದ್ದು, ಹೆಮ್ಮೆ ಅವರದ್ದು, ತಲೆನೋವೂ ಅವರದ್ದು. ಮಂಜು ಕವಿದಿದ್ದ 1945ರ ಜುಲೈ 28ರಂದು ಒಂದು ಬಿ-25 ಯುದ್ಧವಿಮಾನ 79ನೇ ಮಹಡಿಯ ಹತ್ತಿರ ಬಂದು ಬಡಿದು 14 ಮಂದಿ ಸತ್ತರು. ಮರುವರ್ಷ ಅಮೆರಿಕ ಒಂದು ಕಾನೂನು ತಂದಿತು: ಸರ್ಕಾರದ ನೌಕರರ ಅಜಾಗರೂಕತೆಯಿಂದ ಹಾನಿಯಾದರೆ ಪ್ರಜೆಗಳು ಸರ್ಕಾರದ ಮೇಲೇ ದಾವೆ ಹೂಡಬಹುದು. ಅದನ್ನು 1945ರ ಜನವರಿಯಿಂದಲೇ ಅನ್ವಯವಾಗುವಂತೆ ಮಾಡಿದ್ದರಿಂದ ಈ ಅಪಘಾತದವರಿಗೂ ದಾರಿ ತೆರೆಯಿತು. ವಿಮಾನ ಸರ್ಕಾರದ್ದಾದರೆ ಉತ್ತರ ಕೊಡುವುದೂ ಸರ್ಕಾರದ ಕೆಲಸ ಅಂತ ಆಯಿತು. ಒಡೆತನಕ್ಕೆ ಒಂದು ಬಾಲ ಇರುತ್ತದೆ, ಅದು ಹೊಣೆ. ಆ ಕಾಲದಲ್ಲಿ ಈ ಕಟ್ಟಡದ ಮಟ್ಟಿಗೆ ಬಾಲ ಮೈಗೇ ಅಂಟಿಕೊಂಡಿತ್ತು.

1951ರಲ್ಲಿ ಅದು ಕಳಚಲು ಶುರುವಾಯಿತು. ರೋಜರ್ ಸ್ಟೀವನ್ಸ್ ಎಂಬವರೂ ಅವರ ಪಾಲುದಾರರೂ ಸೇರಿ 5.1 ಕೋಟಿ ಡಾಲರಿಗೆ ಕಟ್ಟಡ ಕೊಂಡರು. ಕೈಯಲ್ಲಿ ಅಷ್ಟು ದುಡ್ಡು ಇರಲಿಲ್ಲವಾದ್ದರಿಂದ ಒಂದು ಉಪಾಯ ಮಾಡಿದರು. ಕಟ್ಟಡದಡಿಯ ನೆಲವನ್ನು ಮಾತ್ರ ಪ್ರುಡೆನ್ಷಿಯಲ್ ವಿಮಾ ಕಂಪನಿಗೆ 1.7 ಕೋಟಿಗೆ ಮಾರಿದರು, ಅದೇ ನೆಲವನ್ನು ದೀರ್ಘಾವಧಿ ಲೀಸಿಗೆ ವಾಪಸ್ ಪಡೆದರು. 1954ರಲ್ಲಿ ಷಿಕಾಗೊದ ಹೆನ್ರಿ ಕ್ರೌನ್ ಬಂದರು, 1961ರಲ್ಲಿ ಹೋದರು. ಆಗ ಬಂದದ್ದು ಲಾರೆನ್ಸ್ ವೀನ್ ಎಂಬ ವಕೀಲರು ಮತ್ತು ಹ್ಯಾರಿ ಹೆಲ್ಮ್‌ಸ್ಲಿ ಎಂಬ ರಿಯಲ್ ಎಸ್ಟೇಟ್ ದೊರೆ. ಇವರಿಬ್ಬರು ಮಾಡಿದ ಹೆಣಿಗೆ ಇದೆಯಲ್ಲ, ಅದನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ಕರಾವಳಿಯ ಮೂಲಗೇಣಿ ನೆನಪಾಯಿತು. ಇಂಗ್ಲಿಷಿನಲ್ಲಿ ಮೂರು ಪುಟ ಓದಿದರೂ ತಲೆಗೆ ಹತ್ತದ್ದು ಆ ಒಂದು ಪದದಿಂದ ಹತ್ತಿತು.

ಘಟ್ಟದ ಮೇಲಿನವರಿಗೆ ಎರಡು ಮಾತು. ನಮ್ಮ ಕಡೆ ಗೇಣಿಯಲ್ಲಿ ಎರಡು ಬಗೆ ಇತ್ತು. ಚಾಲಗೇಣಿ ಅಂದರೆ ಧಣಿಗಳ ಮರ್ಜಿ: ಗೇಣಿ ಏರಿಸಬಹುದು, ಎಬ್ಬಿಸಬಹುದು. ಮೂಲಗೇಣಿ ಅಂದರೆ ಶಾಶ್ವತ. ಇಷ್ಟು ಮುಡಿ ಅಕ್ಕಿ ಅಂತ ಒಮ್ಮೆ ನಿಗದಿಯಾದರೆ ತಲೆಮಾರುಗಳ ತನಕ ಅಷ್ಟೇ. ಕೊಡುತ್ತಾ ಇರುವಷ್ಟು ಕಾಲ ಧಣಿಗೆ ಎಬ್ಬಿಸುವ ಹಕ್ಕಿಲ್ಲ. ಆ ಮೂಲಗೇಣಿದಾರ ಮತ್ತೊಬ್ಬನಿಗೆ ಕೊಟ್ಟರೆ ಅದು ಒಳಮೂಲಗೇಣಿ. ಎಂಪೈರ್ ಸ್ಟೇಟ್‌ನದ್ದು ಇದೇ. 1961ರಲ್ಲಿ ನೆಲ, ಕಟ್ಟಡ ಎರಡೂ ಪ್ರುಡೆನ್ಷಿಯಲ್ ಹೆಸರಿಗೆ ಆಯಿತು, ಅವರು ಧಣಿ. ಎಂಪೈರ್ ಸ್ಟೇಟ್ ಬಿಲ್ಡಿಂಗ್ ಅಸೋಸಿಯೇಟ್ಸ್ ಎಂಬ ಕೂಟ 114 ವರ್ಷದ ಲೀಸು ಹಿಡಿಯಿತು, ಅವರು ಮೂಲಗೇಣಿದಾರರು. ಆ ಕೂಟದಿಂದ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಕಂಪನಿ ಎಂಬ ಇನ್ನೊಂದು ಒಳಲೀಸು ಪಡೆಯಿತು. ಆಫೀಸುಗಳನ್ನು ಬಾಡಿಗೆಗೆ ಕೊಡುವುದು, ಗುಡಿಸಿ ಒರೆಸಿ ನಡೆಸುವುದು ಇವರ ಕೆಲಸ. ಅಲ್ಲಿ ಹೆಲ್ಮ್‌ಸ್ಲಿಯದ್ದೇ ಕಾರುಬಾರು. ಅದರ ಕೆಳಗೆ ನೂರಾರು ಬಾಡಿಗೆದಾರರು. ಹೋಲಿಕೆ ಒಂದು ಕಡೆ ಮುರಿಯುತ್ತದೆ ಅನ್ನಿ: ನಮ್ಮಲ್ಲಿ ಗೇಣಿದಾರ ಬಡವ, ಧಣಿ ಶ್ರೀಮಂತ. ಅಲ್ಲಿ ಕೆಳಕ್ಕೆ ಇಳಿದಷ್ಟೂ ಕೆನೆ ದಪ್ಪ.

ಮೂಲಗೇಣಿ ಹಿಡಿಯಲು ದುಡ್ಡು ಎಲ್ಲಿಂದ ಬಂತು ಅನ್ನುವುದು ಈ ಕಥೆಯಲ್ಲಿ ನನಗೆ ತುಂಬಾ ಇಷ್ಟದ ಭಾಗ. ವೀನ್ ಅವರು 10,000 ಡಾಲರಿನ 3,300 ಪಾಲುಗಳನ್ನು ಮಾಡಿ ಜನರಿಗೆ ಮಾರಿದರು. ಒಟ್ಟು 3.3 ಕೋಟಿ. ಉಳಿತಾಯದ ದುಡ್ಡು ಹಾಕಿದ ಸಾಮಾನ್ಯ ಕುಟುಂಬಗಳೂ ಅದರಲ್ಲಿದ್ದವು. ತಿಂಗಳು ತಿಂಗಳು ಚೆಕ್ ಬರುತ್ತಿತ್ತು. ಅಜ್ಜಿ ಸತ್ತರೆ ಪಾಲು ಮಗಳಿಗೆ, ಮಗಳಿಂದ ಮೊಮ್ಮಕ್ಕಳಿಗೆ. ಕ್ರಿಸ್‌ಮಸ್ ಊಟಕ್ಕೆ ಕೂತಾಗ 'ನಮ್ಮದೂ ಒಂದು ತುಂಡು ಇದೆ ಅಲ್ಲಿ' ಅಂತ ಹೇಳಿಕೊಳ್ಳುವ ಖುಷಿ ಬೇರೆ. ಒಡೆತನವನ್ನು ಒಡೆಯುವುದು ಯಾವಾಗಲೂ ಮೋಸ ಅಂತ ಯಾರಾದರೂ ಹೇಳಿದರೆ ನಾನು ಈ 3,300 ಪಾಲುಗಳನ್ನು ತೋರಿಸುತ್ತೇನೆ. ಒಬ್ಬ ರಾಸ್ಕಬ್‌ಗೆ ಮಾತ್ರ ಸಾಧ್ಯವಿದ್ದದ್ದು ಸಾವಿರಾರು ಮನೆಗಳಿಗೆ ಹಂಚಿಹೋಯಿತು.

ಅದೇ 1961ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಟೋನಿ ಆನರೆ ಎಂಬ ಕಾನೂನು ಪಂಡಿತರು ಒಡೆತನದ ಬಗ್ಗೆ ಒಂದು ಪ್ರಬಂಧ ಬರೆದರು. ಒಡೆತನ ಒಂದೇ ವಸ್ತು ಅಲ್ಲ, ಹನ್ನೊಂದು ಎಳೆಗಳ ಹಗ್ಗ ಅನ್ನಬಹುದಾದ ವಾದ ಅವರದ್ದು. ಇಟ್ಟುಕೊಳ್ಳುವ ಹಕ್ಕು, ಬಳಸುವ ಹಕ್ಕು, ನಿರ್ವಹಿಸುವ ಹಕ್ಕು, ಆದಾಯದ ಹಕ್ಕು, ಮಾರುವ ಹಕ್ಕು, ಮಕ್ಕಳಿಗೆ ಬಿಟ್ಟುಹೋಗುವ ಹಕ್ಕು, ಹೀಗೆ. ಪಟ್ಟಿಯ ಬಹುಪಾಲು ಹಕ್ಕುಗಳೇ. ಭಾರ ಅನ್ನಬಹುದಾದ್ದು ಎರಡೇ: ಸಾಲಕ್ಕೆ ಜಪ್ತಿಯಾಗುವುದು, ಮತ್ತು ನನ್ನ ವಸ್ತುವಿನಿಂದ ಇನ್ನೊಬ್ಬರಿಗೆ ಹಾನಿ ಆಗದಂತೆ ನೋಡಿಕೊಳ್ಳುವುದು. ವೀನ್ ಮತ್ತು ಆನರೆ ಒಬ್ಬರ ಹೆಸರನ್ನು ಒಬ್ಬರು ಕೇಳಿರಲಿಕ್ಕಿಲ್ಲ. ಆದರೆ ಒಬ್ಬರು ಹಗ್ಗದ ಎಳೆ ಎಣಿಸಿದ ವರ್ಷವೇ ಇನ್ನೊಬ್ಬರು ಅದನ್ನು ಬಿಚ್ಚಿ ಒಂದೊಂದನ್ನು ಒಬ್ಬೊಬ್ಬರಿಗೆ ಮಾರಿದರು. ಕಾಗದ ಪ್ರುಡೆನ್ಷಿಯಲ್‌ಗೆ, ಆದಾಯ ಪಾಲುದಾರರಿಗೆ, ಆಡಳಿತ ಹೆಲ್ಮ್‌ಸ್ಲಿಗೆ. ಹಾನಿಯಾಗದಂತೆ ನೋಡಿಕೊಳ್ಳುವ ಎಳೆ ಯಾರಿಗೆ ಹೋಯಿತು? ಕರಾರುಗಳಲ್ಲಿ ಏನೋ ಬರೆದಿರುತ್ತದೆ. ಆದರೆ ಹಕ್ಕುಗಳಿಗೆ ಗಿರಾಕಿ ಸಾಲು ನಿಲ್ಲುತ್ತಾರೆ, ಇದಕ್ಕೆ ಯಾರೂ ನಿಲ್ಲುವುದಿಲ್ಲ. ನನ್ನ ಇಡೀ ತಕರಾರು ಇಷ್ಟೇ.

ಇದು ಬರೀ ಮಾತಿನ ಚಮತ್ಕಾರ ಅಲ್ಲ ಅನ್ನುವುದಕ್ಕೆ ಆ ಜಪಾನಿ ಒಡೆಯನ ಕಡೆಗೆ ಹೋಗಬೇಕು. ಹೆಸರು ಹಿದೆಕಿ ಯೊಕೊಯಿ. ಕಂಪನಿಗಳನ್ನು ಕಬಳಿಸಿ ಮೇಲೆ ಬಂದ ಮನುಷ್ಯ; ಸಾಲದ ಜಗಳವೊಂದರಲ್ಲಿ 1958ರಲ್ಲಿ ಗುಂಡೇಟು ತಿಂದೂ ಬದುಕಿದವ. ಟೋಕಿಯೊದ ಅಕಸಾಕಾದಲ್ಲಿ ಅವನದ್ದೊಂದು ಹೋಟೆಲ್ ಇತ್ತು, ಹೋಟೆಲ್ ನ್ಯೂ ಜಪಾನ್. 1982ರ ಫೆಬ್ರವರಿ 8ರ ಬೆಳಗಿನ ಜಾವ 9ನೇ ಮಹಡಿಯಲ್ಲಿ ಬೆಂಕಿ ಹತ್ತಿಕೊಂಡಿತು. 33 ಮಂದಿ ಸತ್ತರು. ಸ್ಪ್ರಿಂಕ್ಲರ್ ಹಾಕಿಸಿ ಅಂತ ಅಗ್ನಿಶಾಮಕ ಇಲಾಖೆ ಮತ್ತೆ ಮತ್ತೆ ಹೇಳಿದ್ದರೂ ಅಲ್ಲಿ ಹಾಕಿಸಿರಲಿಲ್ಲ. 1987ರಲ್ಲಿ ಕೋರ್ಟು ಅವನಿಗೆ 3 ವರ್ಷ ಜೈಲು ವಿಧಿಸಿತು, 1993ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಇಸವಿ ನೋಡಿ. ಅವನಿಗೆ ಕೆಳಕೋರ್ಟಿನಲ್ಲಿ ಶಿಕ್ಷೆಯಾಗಿ ಮೇಲ್ಮನವಿ ನಡೆಯುತ್ತಿದ್ದ ಹೊತ್ತಿನಲ್ಲೇ, 1991ರಲ್ಲಿ, ಪ್ರುಡೆನ್ಷಿಯಲ್‌ನಿಂದ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಖರೀದಿಯಾಯಿತು. ಹೊರಗೆ ಕಂಡ ಹೆಸರು ಬೇರೆಯವರದ್ದು, ಹಿಂದೆ ಇದ್ದದ್ದು ಇವನ ದುಡ್ಡು. ಆಮೇಲೆ ತಂದೆ, ಮಗಳು, ಅಳಿಯ ಅಂತ ಇದು ಯಾರದ್ದು ಎಂಬ ಜಗಳವೂ ಶುರುವಾಯಿತು, ಅದು ಬೇರೆ ರಾಮಾಯಣ.

ಒಬ್ಬನೇ ಮನುಷ್ಯ, ಎರಡು ಕಟ್ಟಡ. ಟೋಕಿಯೊದ್ದರಲ್ಲಿ ಎಲ್ಲ ಎಳೆಗಳೂ ಅವನ ಕೈಯಲ್ಲಿದ್ದವು: ಕಾಗದ, ದುಡ್ಡು, ಆಡಳಿತ. ಹೊಣೆಯನ್ನು ಮಾತ್ರ ಅವನು ಹೊರಲಿಲ್ಲ, ಜನ ಸತ್ತರು. ಆದರೆ ಅಲ್ಲಿ ಬೆರಳು ತೋರಿಸಲು ಒಬ್ಬ ಇದ್ದ. ಕೋರ್ಟು ಹುಡುಕಿಕೊಂಡು ಹೋಗಿ ಅವನನ್ನು ಹಿಡಿಯಿತು. ನ್ಯೂಯಾರ್ಕಿನದ್ದರಲ್ಲಿ ಬರೀ ಕಾಗದ ಅವನದ್ದು. ಅಲ್ಲಿ ದಿನಾ ಸಾವಿರಾರು ಜನ ಹತ್ತಿ ಇಳಿಯುವ ಲಿಫ್ಟಿನ ಬಗ್ಗೆ ಅವನು ಯೋಚಿಸುವ ಅಗತ್ಯವೇ ಇರಲಿಲ್ಲ. ಎರಡರಲ್ಲಿ ಯಾವುದು ಕೆಟ್ಟದ್ದು ಅಂತ ಕೇಳಿದರೆ, ಜೀವದ ಲೆಕ್ಕದಲ್ಲಿ ಮೊದಲನೆಯದೇ, ಅನುಮಾನವೇ ಇಲ್ಲ. ನನ್ನನ್ನು ಹೆಚ್ಚು ಕಾಡುವುದು ಎರಡನೆಯದು. ಮೊದಲನೆಯದರಲ್ಲಿ ಒಬ್ಬ ಮನುಷ್ಯ ತಪ್ಪು ಮಾಡಿದ. ಎರಡನೆಯದರಲ್ಲಿ ಯಾರೂ ತಪ್ಪು ಮಾಡಬೇಕಾಗಿಯೇ ಇಲ್ಲ, ತಪ್ಪು ತನ್ನಷ್ಟಕ್ಕೆ ಆಗುತ್ತದೆ.

ಆದದ್ದೂ ಹಾಗೆಯೇ. 1994ರಲ್ಲಿ ಈ ಕಾಗದದ ಒಡೆಯರ ಜೊತೆ ಡೊನಾಲ್ಡ್ ಟ್ರಂಪ್ ಸೇರಿಕೊಂಡರು, ಕಟ್ಟಡದ ಮೌಲ್ಯ ಏರಿದರೆ ಅದರಲ್ಲಿ ಅರ್ಧ ಪಾಲು ಅಂತ. ಮೌಲ್ಯ ಏರಬೇಕಾದರೆ ಮೂಲಗೇಣಿ ಮುರಿಯಬೇಕು. 1995ರಲ್ಲಿ ಕೋರ್ಟಿಗೆ ಹೋದರು: ಕಟ್ಟಡ ಹಾಳು ಬಿದ್ದಿದೆ, ಇಲಿ ಓಡಾಡುತ್ತವೆ, ಲೀಸುದಾರರು ನಿರ್ವಹಣೆ ಮಾಡುತ್ತಿಲ್ಲ, ಕರಾರು ಮುರಿದಿದ್ದಾರೆ, ಎಬ್ಬಿಸಿ. ಸೋತರು. ತಮಾಷೆ ಏನೆಂದರೆ, ದೂರು ಪೂರ್ತಿ ಸುಳ್ಳು ಅಂತಲೂ ಹೇಳುವಂತಿರಲಿಲ್ಲ. ಮೂಲಗೇಣಿ ಕೂಟದ ಪೀಟರ್ ಮಾಲ್ಕಿನ್, ಅಂದರೆ ವೀನ್ ಅವರ ಅಳಿಯ, ತಾವೇ ಹೆಲ್ಮ್‌ಸ್ಲಿ ಕಡೆಯ ನಿರ್ವಹಣಾ ಕಂಪನಿಯ ಮೇಲೆ ಕೇಸು ಹಾಕಿದ್ದರು. ಎಲ್ಲರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದರು. ಹೊಣೆಯ ಮಾತು ಎದ್ದದ್ದು ಯಾರಿಗೋ ಇಲಿಯ ಬಗ್ಗೆ ಬೇಸರ ಆಗಿ ಅಲ್ಲ. ಆ ಮಾತಿನಿಂದ ಲೀಸು ಮುರಿದರೆ ಕೋಟಿಗಟ್ಟಲೆ ಸಿಗುತ್ತದೆ ಅಂತ. ಮುಂದೆ ಟ್ರಂಪ್ ಎಲ್ಲಿ ಕೂತರು ಅನ್ನುವುದು ನಿಮಗೆ ಗೊತ್ತೇ ಇದೆ, ಆ ವಿಷಯ ಬೇಡ.

2002ರಲ್ಲಿ ಮಾಲ್ಕಿನ್ ಕೂಟ 5.75 ಕೋಟಿ ಡಾಲರ್ ಕೊಟ್ಟು ಕಾಗದವನ್ನೂ ಕೊಂಡುಬಿಟ್ಟಿತು. ಧಣಿಯೂ ಮೂಲಗೇಣಿದಾರನೂ ಒಂದೇ ಆದರು. ಮುಂದಿನ ವರ್ಷಗಳಲ್ಲಿ ನಿರ್ವಹಣೆಯೂ ಅವರ ಕೈಗೆ ಬಂತು. ಆಗ ಏನಾಯಿತು ಗೊತ್ತಾ? 50 ಕೋಟಿ ಡಾಲರ್ ದಾಟಿದ ದುರಸ್ತಿ ಶುರುವಾಯಿತು. ಕಟ್ಟಡದ 6,514 ಕಿಟಕಿಗಳನ್ನು ಒಂದೊಂದಾಗಿ ಬಿಚ್ಚಿ, ಕಟ್ಟಡದೊಳಗೇ ಒಂದು ವರ್ಕ್‌ಶಾಪ್ ಮಾಡಿ, ಗಾಜಿನ ನಡುವೆ ಪದರ ಸೇರಿಸಿ ಮತ್ತೆ ಕೂರಿಸಿದರು. ವಿದ್ಯುತ್ತು, ಶಾಖದ ಖರ್ಚಿನಲ್ಲಿ ಶೇಕಡಾ 38ರಷ್ಟು ಉಳಿಸುವ ಗುರಿ ಇಟ್ಟುಕೊಂಡರು. ಎಳೆಗಳು ಒಂದಾದದ್ದೇ ಇದಕ್ಕೆ ಪೂರ್ತಿ ಕಾರಣ ಅಂತ ನಾನು ಹೇಳುವುದಿಲ್ಲ. ಕಾಲವೂ ಬದಲಾಗಿತ್ತು, ಬಾಡಿಗೆದಾರರಿಗೂ ಹೊಸ ಕಟ್ಟಡಗಳ ರುಚಿ ಹತ್ತಿತ್ತು. ಆದರೆ ಕಿಟಕಿಗೆ ದುಡ್ಡು ಹಾಕುವವನಿಗೆ ಅದರ ಫಲ ತನ್ನ ಕೈಗೇ ಬರುತ್ತದೆ ಎಂಬ ಭರವಸೆ ಬೇಕಲ್ಲ? ತೆಂಗಿನ ಸಸಿ ನೆಡುವವ ಯಾರು? ಫಲ ಬರುವಾಗ ತಾನೋ ತನ್ನ ಮಕ್ಕಳೋ ಅಲ್ಲೇ ಇರುತ್ತೇವೆ ಅಂತ ಗೊತ್ತಿದ್ದವ.

ಇದನ್ನು ಊರಲ್ಲೇ ನೋಡಿದವನು ನಾನು. ನಮ್ಮಜ್ಜ ಚಾಲಗೇಣಿದಾರರಾಗಿದ್ದರು. 1974ರ ತಿದ್ದುಪಡಿ ಬಂದ ಮೇಲೆ, ದೇವರಾಜ ಅರಸರ ಕಾಲದಲ್ಲಿ, ಡಿಕ್ಲರೇಶನ್ ಹಾಕಿ ಗದ್ದೆ ಅವರ ಹೆಸರಿಗಾಯಿತು. 'ಉಳುವವನೇ ಹೊಲದೊಡೆಯ' ಅಂತ ನಾವು ಪಾಠದಲ್ಲಿ ಓದಿದ್ದು. ಗದ್ದೆಯ ಬದುವಿನಲ್ಲಿ ತೆಂಗು ಇಟ್ಟದ್ದು, ಬಾವಿಗೆ ಕಲ್ಲು ಕಟ್ಟಿಸಿದ್ದು ಎಲ್ಲ ಅದರ ಆಮೇಲೆ. ಅದಕ್ಕೆ ಮುಂಚೆ ಅಜ್ಜ ಸೋಮಾರಿ ಆಗಿರಲಿಲ್ಲ. ಆದರೆ ನಾಳೆ ಎಬ್ಬಿಸಿದರೆ ಅನ್ನುವ ಭಯ ಇದ್ದವನು ಬಾವಿ ಕಟ್ಟಿಸುವುದಿಲ್ಲ. ಈ ಘೋಷಣೆಯನ್ನು ಮ್ಯಾನ್‌ಹ್ಯಾಟನ್ನಿಗೆ ಹೊತ್ತುಕೊಂಡು ಹೋಗಿ 'ಗುಡಿಸುವವನೇ ಗೋಪುರದೊಡೆಯ' ಅನ್ನುವಷ್ಟು ಹುಚ್ಚು ನನಗಿಲ್ಲ. ಆ ಕಾನೂನಿನ ಹಿಂದೆ ಒಂದು ಸರಳ ನ್ಯಾಯ ಇತ್ತು: ಫಲ, ನಿರ್ಧಾರ, ಕಷ್ಟ ಈ ಮೂರನ್ನು ತುಂಬಾ ದೂರ ದೂರ ಇಡಬಾರದು. ಅದಕ್ಕೆ ಗದ್ದೆಯೇ ಬೇಕು ಅಂತೇನಿಲ್ಲ.

ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲಿ 'ಓನರ್' ಪದದ ಬಳಕೆ ಇನ್ನೂ ಮಜವಾಗಿದೆ. ಒಂದು ಸರ್ವಿಸ್‌ನ ಓನರ್ ಅಂದರೆ ಅದರ ಲಾಭ ತಿನ್ನುವವನಲ್ಲ, ಅದನ್ನು ಮಾರುವ ಹಕ್ಕಿರುವವನೂ ಅಲ್ಲ. ರಾತ್ರಿ 2 ಗಂಟೆಗೆ ಅದು ಕೂತುಬಿಟ್ಟರೆ ಯಾರ ಫೋನು ಬಡಿದುಕೊಳ್ಳುತ್ತದೋ ಅವನು ಓನರ್. ಅಪ್ರೈಸಲ್‌ನಲ್ಲಿ 'ಇನ್ನೂ ಸ್ವಲ್ಪ ಓನರ್‌ಶಿಪ್ ತಗೋಬೇಕು ನೀವು' ಅಂತ ಹೇಳಿಸಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? ಯೊಕೊಯಿಗೆ ನ್ಯೂಯಾರ್ಕಿನಲ್ಲಿ ಸಿಕ್ಕಿದ್ದು ಹೊಣೆಯಿಲ್ಲದ ಒಡೆತನ. ನಮಗೆ ಸಿಗುವುದು ಒಡೆತನವಿಲ್ಲದ ಹೊಣೆ. ಬಿಚ್ಚಿದ ಹಗ್ಗದ ಎರಡು ತುದಿ ಅಷ್ಟೇ. ಮ್ಯಾನೇಜರ್ ಆ ಪದ ಬಳಸಿದಾಗೆಲ್ಲ ನನಗೆ ಕೇಳಬೇಕು ಅನಿಸುತ್ತದೆ: ಹನ್ನೊಂದರಲ್ಲಿ ಯಾವ ಎಳೆ ಸಾರ್?

2013ರಲ್ಲಿ ಕೊನೆಯ ದೊಡ್ಡ ತಿರುವು. ಮಾಲ್ಕಿನ್ ಕುಟುಂಬ ಈ ಕಟ್ಟಡವನ್ನೂ ಇನ್ನಷ್ಟು ಕಟ್ಟಡಗಳನ್ನೂ ಒಟ್ಟು ಹಾಕಿ ಎಂಪೈರ್ ಸ್ಟೇಟ್ ರಿಯಾಲ್ಟಿ ಟ್ರಸ್ಟ್ ಎಂಬ ರೀಟ್ ಮಾಡಿ ಶೇರುಪೇಟೆಗೆ ತಂದಿತು, ಒಂದು ಶೇರಿಗೆ 13 ಡಾಲರ್. ರೀಟ್ ಅಂದರೆ ಗೊತ್ತಲ್ಲ, ಬಾಡಿಗೆ ಬರುವ ಕಟ್ಟಡಗಳನ್ನು ಚೂರು ಚೂರು ಮಾಡಿ ಶೇರಿನ ಹಾಗೆ ಮಾರುವುದು. 1961ರ ಪಾಲುದಾರರ ಮೊಮ್ಮಕ್ಕಳು ಅನೇಕರು ಇದು ಬೇಡ ಅಂದರು. ನಮಗೆ ಈ ಕಟ್ಟಡದ ತುಂಡು ಸಾಕು, ಬೇರೆ ಕಟ್ಟಡಗಳ ಜೊತೆ ಕಲಸಬೇಡಿ ಅಂತ. ಹಳೆಯ ಕರಾರಿನಲ್ಲಿ ಒಂದು ಮುಳ್ಳು ಅಡಗಿತ್ತು. ಶೇಕಡಾ 80 ಮಂದಿ ಒಪ್ಪಿದ ಮೇಲೂ ಬೇಡ ಅಂದವರ 10,000 ಡಾಲರಿನ ಪಾಲನ್ನು 100 ಡಾಲರ್ ಕೊಟ್ಟು ಕಿತ್ತುಕೊಳ್ಳಬಹುದು. ಮನಸ್ಸು ಬದಲಿಸಲು ಹತ್ತು ದಿನ ಸಮಯ. ಆಗ ಅಂಥ ಒಂದು ಪಾಲಿನ ಅಂದಾಜು ಬೆಲೆ 3 ಲಕ್ಷ ಡಾಲರಿಗೂ ಮೇಲೆ. ಇದನ್ನು ಮತದಾನ ಅಂತ ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ದೊಡ್ಡ ಮೊತ್ತಕ್ಕೆ ಕಟ್ಟಡವನ್ನು ನೇರವಾಗಿ ಕೊಳ್ಳುತ್ತೇವೆ ಅಂತ ಬೇರೆಯವರು ಮುಂದೆ ಬಂದಿದ್ದರೂ ಅದು ನಡೆಯಲಿಲ್ಲ. ರೀಟ್ ಆಯಿತು. 2016ರಲ್ಲಿ ಕತಾರ್ ಸರ್ಕಾರದ ಹೂಡಿಕೆ ಸಂಸ್ಥೆ 62.2 ಕೋಟಿ ಡಾಲರಿಗೆ ಅದರಲ್ಲಿ ಶೇಕಡಾ 9.9 ಪಾಲು ಕೊಂಡಿತು.

ಆ ಪಾಲುದಾರರ ಪರ ನನಗೆ ಅನುಕಂಪ ಇದೆ, ಆದರೆ ಪೂರ್ತಿ ಇಲ್ಲ. ಐವತ್ತು ವರ್ಷ ಅವರು ಮಾಡಿದ್ದು ಚೆಕ್ ತೆಗೆದುಕೊಂಡದ್ದು. ತೊಂಬತ್ತರ ದಶಕದಲ್ಲಿ ಕಟ್ಟಡ ಬಸವಳಿಯುತ್ತಿದ್ದಾಗ ಅವರಲ್ಲಿ ಎಷ್ಟು ಜನ ಲಿಫ್ಟಿನ ಬಗ್ಗೆ ಒಂದು ಪತ್ರ ಬರೆದಿರಬಹುದು? 'ನಮ್ಮದೂ ಒಂದು ತುಂಡು' ಅನ್ನುವಾಗ ಇಲಿಯೂ ಅದರಲ್ಲಿ ಸೇರಿತ್ತಲ್ಲ. ಹಾಗಂತ ಅವರಿಗೆ ಬರೆಯುವ ದಾರಿ ಎಲ್ಲಿತ್ತು? ಬರೆದರೆ ಯಾರು ಕೇಳುತ್ತಿದ್ದರು? ದಾರಿ ಇಲ್ಲದವನ ಮೇಲೆ ಹೊಣೆ ಹೊರಿಸುವುದೂ ಅನ್ಯಾಯವೇ. ಈ ಎರಡರ ನಡುವೆ ನಾನು ಇನ್ನೂ ತೂಗಾಡುತ್ತಿದ್ದೇನೆ.

ತೂಗಾಡಲು ಕಾರಣ ಇದೆ. ಈಗ ಆ ಪಾಲುದಾರರ ಜಾಗದಲ್ಲಿ ನಾವೇ ಕೂತಿದ್ದೇವೆ. ಭಾರತದ ಮೊದಲ ರೀಟ್ 2019ರಲ್ಲಿ ಶೇರುಪೇಟೆಗೆ ಬಂದದ್ದು ಬೆಂಗಳೂರಿನಿಂದಲೇ, ಎಂಬೆಸಿ ಆಫೀಸ್ ಪಾರ್ಕ್ಸ್. ಮಾನ್ಯತಾ ಟೆಕ್ ಪಾರ್ಕ್ ಅದರೊಳಗಿದೆ. ಅಂದರೆ ಮಾನ್ಯತಾದಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಬೆಳಿಗ್ಗೆ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತು ಫೋನಿನಲ್ಲೇ ತನ್ನ ಆಫೀಸು ಕಟ್ಟಡದ ಒಡತಿ ಆಗಬಹುದು. ಒಳಗೆ ಹೋಗಲು ಮಾತ್ರ ಬ್ಯಾಡ್ಜ್ ತೋರಿಸಬೇಕು.

ನಮ್ಮೂರಿನ ಬೆಂಕಿಯೂ ಒಂದಿದೆ. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ 9 ಮಂದಿ ಸತ್ತರು. ಅದೇನೂ 102 ಮಹಡಿಯ ಗೋಪುರ ಅಲ್ಲ, ನಮ್ಮ ನಿಮ್ಮ ಆಫೀಸಿನಂಥದ್ದೇ. ಉಸಿರುಗಟ್ಟಿ ಕಿಟಕಿಯಿಂದ ಹಾರಿದವರೂ ಇದ್ದರು. ನಾನು ಆಗಿನ್ನೂ ಬೆಂಗಳೂರಿಗೆ ಹೊಸಬ. ಟಿವಿಯಲ್ಲಿ ನೋಡಿದ ಅಮ್ಮ ಫೋನ್ ಮಾಡಿ ಕೇಳಿದ್ದು ಒಂದೇ, 'ನಿಮ್ಮ ಆಫೀಸಿನಲ್ಲಿ ಮೆಟ್ಟಿಲು ಎಲ್ಲಿದೆ ಗೊತ್ತುಂಟಾ ಮಗಾ?'

ನನ್ನ ಹತ್ತಿರವೂ ಒಂದು ರೀಟ್‌ನ ಕೆಲವು ಯೂನಿಟ್‌ಗಳಿವೆ. ಮೂರು ತಿಂಗಳಿಗೊಮ್ಮೆ ಬ್ಯಾಂಕಿಗೆ ದುಡ್ಡು ಬೀಳುತ್ತದೆ, ಒಳ್ಳೆ ಕಾಫಿ ಎರಡು ಸಲ ಕುಡಿಯುವಷ್ಟು. ಯೂನಿಟ್‌ದಾರರಿಗೆ ವೋಟು ಹಾಕಿ ಅಂತ ಮೇಲ್ ಬರುತ್ತದೆ, ಬಹಳ ಜನ ಅದನ್ನು ತೆರೆಯುವುದಿಲ್ಲ ಅಂತ ನನ್ನ ಊಹೆ. ನಾನು ತೆರೆಯುತ್ತೇನೆ. ವಾರ್ಷಿಕ ವರದಿ ಪಿಡಿಎಫ್ ಬರುತ್ತದೆ, ನೂರಾರು ಪುಟ. ಪೂರ್ತಿ ಓದುವ ತಾಳ್ಮೆ ನನಗಿಲ್ಲ. ಮೊದಲು ಕಂಟ್ರೋಲ್-ಎಫ್ ಒತ್ತಿ 'ಫೈರ್' ಅಂತ ಹುಡುಕುತ್ತೇನೆ. ಈ ಸಲ ಎಷ್ಟು ಬಂತು ಅಂತ ನೋಡುವುದು ಅದಾದ ಮೇಲೆ.